ಪ್ರತಿಕ್ರಮಣವೆಂದರೆ ಮನೆಗೆ ಮರಳುವುದು



ಉಪವಾಸವೆಂಬ ಶಬ್ದವನ್ನು ನಾವೆಲ್ಲರೂ ಬಳಸುತ್ತೇವೆ. ಅಷ್ಟಮಿ ಬಂದಿತೆಂದರೆ, ಚತುರ್ದಶಿ ಬಂದಿತೆಂದರೆ ಇಂದು ಮನೆಯಲ್ಲಿ ಉಪವಾಸವೆನ್ನುತ್ತೇವೆ. ಅನ್ನವನ್ನು ಬಿಡುವುದೇ ಉಪವಾಸವೆಂದು ಮಕ್ಕಳೂ ತಿಳಿದಿರುತ್ತಾರೆ. ಆದರೆ ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಈ ಶಬ್ದವನ್ನು ಬಿಡಿಸಿ ತೋರಿಸಿರುವ ಬಗೆಯು ಮನನೀಯವಾದುದು. ಶಬ್ದವೇ ಮೊದಲಾದ ವಿಷಯಗಳ ಕಡೆಗೆ ಹರಿಯುತ್ತಿದ್ದ ಐದು ಇಂದ್ರಿಯಗಳೂ ಆ ಉತ್ಸುಕತೆಯನ್ನು ತೊರೆದು ಹಿಂದಿರುಗಿ ಬಂದು ನೆಲೆಸುವುದು ಉಪವಾಸ. ನಾಲ್ಕು ವಿಧದ ಆಹಾರವನ್ನು ಬಿಡುವುದು ಅದರ ಫಲಿತಾರ್ಥ. ಪ್ರತಿಕ್ರಮಣವೆಂಬ ಶಬ್ದದ ಅರ್ಥವೂ ಇದಕ್ಕೆ ಬಹು ಸಮೀಪದ್ದು. ಪ್ರಮಾದವಶನಾಗಿ ತನ್ನ ನೆಲೆಯನ್ನು ಬಿಟ್ಟು ಪರನೆಲೆಗೆ ಹೋದ ಜೀವನು ಅದೇ ದಾರಿಯಲ್ಲಿ ಹೆಜ್ಜೆಯನ್ನು ತಿರುಗಿಸಿ ಸ್ವಸ್ಥಾನಕ್ಕೆ ಬರುವುದೇ ಪ್ರತಿಕ್ರಮಣ. ಎರಡು ಶಬ್ದಗಳಲ್ಲಿಯೂ ಇರುವುದು ಮರಳುವಿಕೆ. ಎರಡರಲ್ಲಿಯೂ ಒಂದು ಮನೆಯುಂಟು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬಾಗಿಲ ಅಗುಳಿಯನ್ನು ಹಾಕಲು ಮರೆತ ಒಂದು ಗಳಿಗೆಯಲ್ಲಿ ಕೂಸನ್ನು ಬಾವಿಗೆ ಕಳೆದುಕೊಂಡ ತಾಯಿ, ವಾಹನವನ್ನು ತಾನೇ ನಡೆಸುತ್ತಿದ್ದು ತಾನು ಬದುಕಿ ಪಕ್ಕದಲ್ಲಿದ್ದ ತಮ್ಮನನ್ನು ಕಳೆದುಕೊಂಡ ಅಣ್ಣ, ತಂದೆಯ ಎದೆನೋವನ್ನು ಸಾಮಾನ್ಯವೆಂದೆಣಿಸಿ ಒಂದು ರಾತ್ರಿ ತಡಮಾಡಿದ ಮಗ: ಇಂಥವರು ಇಲ್ಲದ ಊರಿಲ್ಲ. ಇವರಲ್ಲಿ ಕೆಲವರು ಊರನ್ನೇ ಬಿಟ್ಟು ಹೋಗುತ್ತಾರೆ. ಕೆಲವರು ಊರಿನಲ್ಲಿದ್ದೂ ಮನೆಯಲ್ಲಿರುವುದಿಲ್ಲ. ಇನ್ನು ಕೆಲವರು ಉಪವಾಸದ ಮೇಲೆ ಉಪವಾಸ ಹಿಡಿಯುತ್ತಾರೆ. ಪಾರಣೆಯ ದಿನ ಎಲೆಯ ಮುಂದೆ ಕುಳಿತು ಒಂದು ತುತ್ತು ತಿಂದು ಏಳುತ್ತಾರೆ. ಮರುದಿನ ಮತ್ತೆ ಉಪವಾಸ. ನೋಡಿದವರು ಎಂತಹ ತಪಸ್ಸು, ಎಂತಹ ವೈರಾಗ್ಯವೆಂದು ಕೈಮುಗಿಯುತ್ತಾರೆ. ಅದು ತಪಸ್ಸೇ? ಈ ಪ್ರಶ್ನೆಯನ್ನು ಬಿಟ್ಟು ವ್ರತೋಪವಾಸಗಳ ವಿಚಾರವಾಗಿ ಎಷ್ಟು ಬರೆದರೂ ಅಪೂರ್ಣವೇ ಸರಿ.

ಉತ್ತರಕ್ಕಾಗಿ ನಾವು ಪುರಾಣವನ್ನು ಆಶ್ರಯಿಸೋಣ. ಪುನ್ನಾಟ ಸಂಘದ ಜಿನಸೇನಾಚಾರ್ಯರು ಶಕವರ್ಷ 705ರಲ್ಲಿ, ಎಂದರೆ ಕ್ರಿ.ಶ. 783ರಲ್ಲಿ ಹರಿವಂಶಪುರಾಣವನ್ನು ರಚಿಸಿದರು. ಆದಿಪುರಾಣದ ಜಿನಸೇನರು ಬೇರೆ, ಇವರು ಬೇರೆ. ಇವರ ಸಂಘಕ್ಕೆ ಹೆಸರನ್ನು ಕೊಟ್ಟ ಪುನ್ನಾಟವು ನಮ್ಮ ಕನ್ನಡ ನಾಡಿನದೇ ಪ್ರಾಚೀನ ಪ್ರದೇಶವೆಂಬುದು ನಮಗೆ ಹೆಮ್ಮೆಯ ಮಾತು. ಆ ಪುರಾಣದ ಕೊನೆಯ ಭಾಗದಲ್ಲಿ ಜರತ್ಕುಮಾರನ ವೃತ್ತಾಂತ ಬರುತ್ತದೆ. ಪುರಾಣಶ್ರವಣ ಮಾಡಿದವರಿಗೆ ದ್ವಾರಾವತಿಯ ದಹನ ನೆನಪಿರುತ್ತದೆ, ಬಲಭದ್ರನ ಶೋಕ ನೆನಪಿರುತ್ತದೆ. ಜರತ್ಕುಮಾರನನ್ನು ಮಾತ್ರ ಬಾಣ ಬಿಟ್ಟವನೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಇದು ಆ ಜೀವನಿಗೆ ಮಾಡಿದ ಅನ್ಯಾಯವೆಂದೇ ಈ ಲೇಖಕನ ಅಭಿಪ್ರಾಯ.

ಜರತ್ಕುಮಾರನು ವಸುದೇವನಿಗೆ ಜರೆಯೆಂಬ ರಾಣಿಯಲ್ಲಿ ಹುಟ್ಟಿದ ಮಗ. ಆದುದರಿಂದ ಶ್ರೀಕೃಷ್ಣನಿಗೂ ಬಲಭದ್ರನಿಗೂ ಸೋದರ. ಭಗವಾನ್ ನೇಮಿನಾಥರ ಸಮವಸರಣದಲ್ಲಿ ಬಲಭದ್ರನು ದ್ವಾರಾವತಿಯ ಭವಿತವ್ಯವನ್ನು ಕೇಳಿದಾಗ, ಹನ್ನೆರಡು ವರ್ಷಗಳಲ್ಲಿ ಮದ್ಯದ ನಿಮಿತ್ತದಿಂದ ದ್ವೀಪಾಯನನ ಮೂಲಕ ನಗರದ ನಾಶವೂ ಜರತ್ಕುಮಾರನ ಕೈಯಿಂದ ಕೃಷ್ಣನ ಮರಣವೂ ಆಗುವುದೆಂದು ದಿವ್ಯಧ್ವನಿಯಾಯಿತು. ಆ ಮಾತನ್ನು ಕೇಳಿದ ಇಬ್ಬರೂ ಊರನ್ನು ಬಿಟ್ಟರು. ದ್ವೀಪಾಯನನು ದೀಕ್ಷೆಯನ್ನು ಪಡೆದು ಪೂರ್ವದೇಶದ ಕಡೆಗೆ ನಡೆದನು. ಜರತ್ಕುಮಾರನು ತನ್ನ ಕೈಯಿಂದ ತಮ್ಮವರಿಗೆ ಕೇಡಾಗಬಾರದೆಂಬ ಒಂದೇ ಪ್ರೀತಿಯಿಂದ ಬಂಧುಗಳನ್ನೂ ಮನೆಯನ್ನೂ ತೊರೆದು ಅರಣ್ಯವನ್ನು ಸೇರಿದನು.

ದ್ವೀಪಾಯನನು ಅಧಿಕಮಾಸಗಳ ಲೆಕ್ಕವನ್ನು ಮರೆತು ಹನ್ನೆರಡು ವರ್ಷ ತುಂಬಿತೆಂದು ಭ್ರಮಿಸಿ ಅವಧಿಗೆ ಮುನ್ನವೇ ಹಿಂದಿರುಗಿದನು. ಮದ್ಯದ ಅಮಲಿನಲ್ಲಿದ್ದ ಯಾದವಕುಮಾರರು ಅವನನ್ನು ಕಲ್ಲುಗಳಿಂದ ಹೊಡೆದರು. ಮುಂದಿನದು ನಿಮಗೆ ತಿಳಿದದ್ದೇ. ಅವನೂ ಮರಳಿ ಬಂದವನೇ. ಆದರೆ ಕ್ರೋಧವನ್ನು ಒಳಗೇ ಇರಿಸಿಕೊಂಡು ಮರಳಿದವನು. ಉರಿದ ನಗರದಿಂದ ಕೃಷ್ಣ ಬಲಭದ್ರರಿಬ್ಬರೇ ಹೊರಟು, ಪಾಂಡವರಿದ್ದ ದಕ್ಷಿಣ ಮಥುರೆಯ ಕಡೆಗೆ ನಡೆಯುತ್ತ ಕೌಶಾಂಬಿಯ ವನಕ್ಕೆ ಬಂದರು. ಕೃಷ್ಣನಿಗೆ ಬಾಯಾರಿಕೆಯಾಯಿತು. ಬಲಭದ್ರನು ನೀರಿಗೆ ಹೋದನು. ಕೃಷ್ಣನು ಪೀತಾಂಬರವನ್ನು ಹೊದ್ದು ಮರದ ಕೆಳಗೆ ಮಲಗಿದನು. ಅದೇ ಕಾಡಿನಲ್ಲಿ ಅಲೆಯುತ್ತಿದ್ದ ಜರತ್ಕುಮಾರನು ಗಾಳಿಗೆ ಅಲುಗಿದ ವಸ್ತ್ರದ ಅಂಚನ್ನು ದೂರದಿಂದ ಕಂಡು ಜಿಂಕೆಯೆಂದು ಬಗೆದು ಬಾಣವನ್ನು ಬಿಟ್ಟನು. ಅದು ಕೃಷ್ಣನ ಪಾದವನ್ನು ಭೇದಿಸಿತು. ಯಾರನ್ನು ಕಾಯಬೇಕೆಂದು ಹನ್ನೆರಡು ವರ್ಷ ಮನೆಯನ್ನು ಬಿಟ್ಟಿದ್ದನೋ ಅವನೇ ಎದುರಿನಲ್ಲಿ ಸಾಯುತ್ತಿದ್ದನು.

ಇಲ್ಲಿ ಸ್ವಲ್ಪ ನಿಲ್ಲೋಣ. ಸಾಯುವ ಗಳಿಗೆಯಲ್ಲಿ ಕೃಷ್ಣನು ಅವನಿಗೆ ಏನು ಹೇಳಿದನೆಂಬುದು ಮುಖ್ಯ. ಅವನನ್ನು ಶಪಿಸಲಿಲ್ಲ. ನೀನು ಏನೂ ಮಾಡಿಲ್ಲವೆಂದು ಸುಳ್ಳು ಸಮಾಧಾನವನ್ನೂ ಹೇಳಲಿಲ್ಲ. ಶೋಕವನ್ನು ಬಿಡುವಂತೆ ತಿಳಿಸಿ, ಗುರುತಿಗಾಗಿ ಕೌಸ್ತುಭಮಣಿಯನ್ನು ಕೊಟ್ಟು, ಪಾಂಡವರಲ್ಲಿಗೆ ಹೋಗಿ ನಡೆದುದನ್ನು ಹೇಳಬೇಕೆಂದೂ ಯದುಕುಲವು ಇನ್ನು ಅವನಿಂದಲೇ ಉಳಿಯಬೇಕೆಂದೂ ತಿಳಿಸಿದನು. ಬಲಭದ್ರನು ಬರುವುದರೊಳಗೆ ಹೊರಡೆಂದು ಎಚ್ಚರಿಸಿದನು. ಶೋಕದಲ್ಲಿರುವವನಿಗೆ ಈ ಕ್ರಮವನ್ನು ನೋಡಿ: ಮೊದಲು ಪ್ರಾಣರಕ್ಷಣೆ, ಆಮೇಲೆ ಹೋಗಿ ಸೇರಲು ಒಂದು ಮನೆ, ಆ ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕಾದ ಒಂದು ಮಾತು, ಅದರ ನಂತರ ಮಾಡಬೇಕಾದ ಒಂದು ಕೆಲಸ.

ದ್ವಾರಾವತಿಯು ಬೂದಿಯಾಗಿದ್ದುದರಿಂದ ಜರತ್ಕುಮಾರನಿಗೆ ಹುಟ್ಟಿದ ಮನೆ ಉಳಿದಿರಲಿಲ್ಲ. ಪಾಂಡವರ ತಾಯಿ ಕುಂತಿಯು ವಸುದೇವನ ಸೋದರಿ. ಅದೇ ಅವನಿಗೆ ಉಳಿದ ಬಂಧುಗೃಹ. ಪಾಂಡವರಾದರೂ ಎಂಥವರು? ಹಿಂದೆ ಗಂಗೆಯನ್ನು ದಾಟುವಾಗ ಪರಿಹಾಸಕ್ಕಾಗಿ ದೋಣಿಯನ್ನು ಬಚ್ಚಿಟ್ಟು, ಕೃಷ್ಣನ ಕೋಪಕ್ಕೆ ಗುರಿಯಾಗಿ, ರಾಜ್ಯವನ್ನು ಕಳೆದುಕೊಂಡು ದಕ್ಷಿಣಕ್ಕೆ ಬಂದು ನೆಲೆಸಿದವರು. ಕೃಷ್ಣನಿಗೆ ಅಪರಾಧ ಮಾಡಿ ನೊಂದವರೇ ಅವನಿಗೆ ಬಾಣ ಬಿಟ್ಟವನನ್ನು ಬರಮಾಡಿಕೊಂಡರು. ಜರತ್ಕುಮಾರನು ಮಣಿಯನ್ನು ಮುಂದಿಟ್ಟು ತನ್ನ ಬಾಯಿಂದಲೇ ಎಲ್ಲವನ್ನೂ ಹೇಳಿದನು. ಅವರು ಅತ್ತರು, ಅತ್ತ ಮೇಲೆ ಅವನನ್ನೂ ಜೊತೆಗೆ ಕರೆದುಕೊಂಡು ಬಲಭದ್ರನನ್ನು ಅರಸುತ್ತ ಹೊರಟರು.

ಬಲಭದ್ರನು ತಮ್ಮನ ಮರಣವನ್ನೇ ಒಪ್ಪದೆ ಆ ಶರೀರವನ್ನು ಹೆಗಲ ಮೇಲೆ ಹೊತ್ತು ಆರು ತಿಂಗಳು ತಿರುಗಿದನೆಂದು ಪುರಾಣವು ಹೇಳುತ್ತದೆ. ಸಿದ್ಧಾರ್ಥನೆಂಬ ದೇವನು ಬಂದು, ಎಂದಿಗೂ ಫಲಿಸದ ಕೆಲಸಗಳನ್ನು ಮಾಡುತ್ತಿರುವವನಂತೆ ತೋರಿಸಿ ಅವನಿಗೆ ಬೋಧವನ್ನುಂಟುಮಾಡಿದನು. ಆಗ ತುಂಗೀಗಿರಿಯಲ್ಲಿ ಕೃಷ್ಣನ ದಹನಸಂಸ್ಕಾರ ನಡೆಯಿತು. ಅದು ನಮ್ಮ ಜನ ಯಾತ್ರೆ ಹೋಗುವ ನಾಸಿಕ ಜಿಲ್ಲೆಯ ಮಾಂಗೀತುಂಗಿ ಸಿದ್ಧಕ್ಷೇತ್ರವೇ. ಆ ಚಿತೆಯ ಬಳಿ ಬಲಭದ್ರನೂ ಪಾಂಡವರೂ ಜರತ್ಕುಮಾರನೂ ಒಟ್ಟಿಗೆ ನಿಂತಿದ್ದರು. ಯಾರ ಕೋಪಕ್ಕೆ ಹೆದರಿ ಓಡಿಹೋಗೆಂದು ಕೃಷ್ಣನು ಹೇಳಿದ್ದನೋ ಆ ಬಲಭದ್ರನೇ ಜರತ್ಕುಮಾರನಿಗೆ ರಾಜ್ಯವನ್ನೊಪ್ಪಿಸಿ ದೀಕ್ಷೆಯನ್ನು ಪಡೆದನು.

ಈಗ ವಿಚಾರಕ್ಕೆ ಬರೋಣ. ಜರತ್ಕುಮಾರನದು ತಪ್ಪೇ, ಅಲ್ಲವೇ? ಕೇವಲಿಯ ಜ್ಞಾನದಲ್ಲಿ ಕಂಡದ್ದು ತಪ್ಪುವುದುಂಟೇ, ಆದುದರಿಂದ ಅವನು ನಿರ್ದೋಷಿಯೆಂದು ಹೇಳುವವರಿದ್ದಾರೆ. ಇದು ಸುಲಭದ ಮಾತು, ಸರಿಯಾದ ಮಾತಲ್ಲ. ಕೇವಲಿಯು ತಿಳಿದನೆಂಬ ಕಾರಣದಿಂದ ಬಾಣವು ಹಾರಲಿಲ್ಲ. ಜರತ್ಕುಮಾರನು ಬಿಟ್ಟುದರಿಂದ ಹಾರಿತು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಗೆ ಲಕ್ಷಣವನ್ನು ಹೇಳುವಾಗ ಪ್ರಾಣವಿಯೋಗದ ಜೊತೆಗೆ ಪ್ರಮತ್ತಯೋಗವನ್ನು ಸೇರಿಸಿರುವರು. ಈರ್ಯಾಸಮಿತಿಯಿಂದ ನಡೆಯುವ ಮುನಿಯ ಕಾಲಿನ ಕೆಳಗೆ ಆಕಸ್ಮಿಕವಾಗಿ ಒಂದು ಸೂಕ್ಷ್ಮಜೀವಿ ಬಂದು ಸತ್ತರೆ ಅವನಿಗೆ ಅದರಿಂದ ಬಂಧವಿಲ್ಲ. ಇನ್ನೊಂದು ಕಡೆ, ಜೀವದಯಾಷ್ಟಮಿಯ ನೋಂಪಿಯಲ್ಲಿ ನಾವು ಕೇಳುವ ಯಶೋಧರನ ಕಥೆಯಲ್ಲಿ ಸತ್ತದ್ದು ಹಿಟ್ಟಿನ ಕೋಳಿ. ಆದರೂ ಸಂಕಲ್ಪದಿಂದ ಕಡಿದುದರಿಂದ ತಾಯಿಮಕ್ಕಳಿಬ್ಬರೂ ತಿರ್ಯಗ್ಯೋನಿಗಳಲ್ಲಿ ಜನ್ಮಾಂತರಗಳನ್ನು ಸುತ್ತಬೇಕಾಯಿತು. ಜನ್ನಕವಿಯು 1209ರಲ್ಲಿ ಕನ್ನಡಿಸಿದ ಆ ಕಥೆಯನ್ನು ಕೇಳದ ಶ್ರಾವಕರು ವಿರಳ.

ಜರತ್ಕುಮಾರನ ಸ್ಥಿತಿ ಇವೆರಡರ ನಡುವಿನದು. ಸೋದರನನ್ನು ಕೊಲ್ಲುವ ಸಂಕಲ್ಪ ಅವನಲ್ಲಿ ಎಳ್ಳಷ್ಟೂ ಇರಲಿಲ್ಲ. ಆದರೆ ಜಿಂಕೆಯನ್ನು ಕೊಲ್ಲುವ ಸಂಕಲ್ಪವಿತ್ತು. ಸಪ್ತವ್ಯಸನಗಳಲ್ಲಿ ಒಂದಾದ ಬೇಟೆಯನ್ನು ಅವನು ತೊರೆದಿರಲಿಲ್ಲ. ಮನೆಯನ್ನು ಬಿಟ್ಟನು, ಬಂಧುಗಳನ್ನು ಬಿಟ್ಟನು, ಬಿಲ್ಲನ್ನು ಬಿಡಲಿಲ್ಲ. ಅವನು ಪಶ್ಚಾತ್ತಾಪಪಡಬೇಕಾದುದು ಇಲ್ಲಿ. ಕೃಷ್ಣನ ಆಯುಷ್ಯದ ಕೊನೆಯು ಅವನ ಹೊಣೆಯಲ್ಲ. ಎದುರಿಗಿರುವುದು ಏನೆಂದು ನೋಡದೆ ಪ್ರಾಣಿವಧೆಗೆ ಕೈಯೆತ್ತಿದ ಪ್ರಮಾದ ಅವನ ಹೊಣೆ. ದುಃಖದಲ್ಲಿರುವವನು ಈ ಎರಡನ್ನೂ ಬೇರ್ಪಡಿಸಲಾರನು. ಅವನಿಗೆ ಎಲ್ಲವೂ ತನ್ನ ತಪ್ಪಾಗಿಯೇ ಕಾಣುತ್ತದೆ, ಅಥವಾ ಸುತ್ತಲಿನವರ ಮಾತಿಗೆ ಮರುಳಾಗಿ ಯಾವುದೂ ತನ್ನ ತಪ್ಪಲ್ಲವೆನ್ನುತ್ತಾನೆ. ತನ್ನ ಪಾಲಿನಷ್ಟನ್ನೇ ಅಳೆದು ತೋರಿಸುವುದಕ್ಕಾಗಿ ಗುರು ಬೇಕು, ವಿವೇಕಿಯಾದ ಹಿರಿಯರು ಬೇಕು. ಅಗುಳಿಯನ್ನು ಹಾಕದಿದ್ದುದು ಆ ತಾಯಿಯ ಅಜಾಗರೂಕತೆ. ಮಗುವಿನ ಆಯುಃಕರ್ಮ ಅವಳ ಕೃತಿಯಲ್ಲ. ಇಷ್ಟನ್ನು ಅವಳಿಗೆ ಯಾರಾದರೂ ಮೆಲ್ಲಗೆ, ಸುಳ್ಳಿಲ್ಲದೆ ಹೇಳಬೇಕು.

ತನ್ನನ್ನು ತಾನು ಹಿಂಸಿಸಿಕೊಳ್ಳುವುದರಿಂದ ಪಾಪವು ತೀರುತ್ತದೆಂಬ ನಂಬಿಕೆಯು ನಮ್ಮಲ್ಲಿ ಹೇಗೋ ಬೇರೂರಿದೆ. ಶಾಸ್ತ್ರವು ಇದಕ್ಕೆ ತೀರ ವಿರುದ್ಧ. ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳಾವುವೆಂದು ಹೇಳುವಲ್ಲಿ ಸೂತ್ರಕಾರರು ದುಃಖ, ಶೋಕ, ತಾಪ, ಆಕ್ರಂದನ, ವಧ, ಪರಿದೇವನಗಳನ್ನು ಎಣಿಸಿ, ಅವು ಪರರಲ್ಲಿ ಉಂಟುಮಾಡಿದರೂ ಸರಿ, ತನ್ನಲ್ಲಿ ಉಂಟುಮಾಡಿಕೊಂಡರೂ ಸರಿ, ಉಭಯರಲ್ಲಿಯೂ ಆದರೂ ಸರಿ ಕರ್ಮಕ್ಕೆ ಕಾರಣವೇ ಎಂದು ಸ್ಪಷ್ಟಪಡಿಸಿದ್ದಾರೆ. ತನ್ನಲ್ಲಿ ಎಂಬ ಮಾತನ್ನು ಅಲ್ಲಿ ಸೇರಿಸಿರುವುದನ್ನು ಗಮನಿಸಬೇಕು. ಹಾಗಾದರೆ ಮುನಿಗಳ ಕೇಶಲೋಚ, ಉಪವಾಸಾದಿಗಳು ದುಃಖವಲ್ಲವೇ ಎಂದು ಶಂಕೆ ಬರಬಹುದು. ಟೀಕಾಕಾರರೇ ಈ ಶಂಕೆಯನ್ನೆತ್ತಿ ಸಮಾಧಾನ ಹೇಳಿದ್ದಾರೆ. ಕ್ರೋಧಾದಿಗಳ ಆವೇಶದಿಂದ ಆದ ದುಃಖವು ಆಸ್ರವಕಾರಣ. ರೋಗಿಯ ಹಿತಕ್ಕಾಗಿ ವ್ರಣವನ್ನು ಸೀಳುವ ವೈದ್ಯನಲ್ಲಿ ಕ್ರೋಧವಿಲ್ಲದಂತೆ, ಸಂಸಾರದುಃಖದ ನಿವೃತ್ತಿಗಾಗಿ ತಪಸ್ಸಿನಲ್ಲಿ ತೊಡಗಿದವನಲ್ಲಿ ಆ ಆವೇಶವಿಲ್ಲ. ಆದುದರಿಂದ ಉಪವಾಸದಲ್ಲಿ ಇರುವವನು ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು: ಈ ಹಸಿವನ್ನು ನಾನು ಔಷಧವೆಂದು ತೆಗೆದುಕೊಂಡಿದ್ದೇನೆಯೋ, ನನ್ನ ಮೇಲಿನ ಕೋಪದಿಂದ ನನಗೇ ವಿಧಿಸಿದ್ದೇನೆಯೋ?

ಇಲ್ಲಿ ಇನ್ನೊಂದು ಮಾತನ್ನು ಸಂದೇಹಕ್ಕೆಡೆಯಿಲ್ಲದಂತೆ ಹೇಳಬೇಕಾಗಿದೆ. ಶೋಕದಿಂದ ಬದುಕು ಬೇಡವೆನಿಸಿ ಅನ್ನವನ್ನು ಬಿಡುವುದನ್ನು ಸಲ್ಲೇಖನವೆಂಬ ಪವಿತ್ರ ಹೆಸರಿನಿಂದ ಕರೆಯಲಾಗದು. ಸಮಂತಭದ್ರಸ್ವಾಮಿಗಳು ರತ್ನಕರಂಡಕದಲ್ಲಿ ಸಲ್ಲೇಖನದ ಸಂದರ್ಭಗಳನ್ನು ಹೇಳಿದ್ದಾರೆ: ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಶೋಕವು ಅದರಲ್ಲಿಲ್ಲ, ಪಶ್ಚಾತ್ತಾಪವೂ ಇಲ್ಲ. ಮನೆಯಲ್ಲಿ ಯಾರಾದರೂ ಇಂತಹ ಮಾತಾಡಿದರೆ ಅವರನ್ನು ಒಂಟಿಯಾಗಿ ಬಿಡದೆ, ಹಿರಿಯರಿಗೂ ವೈದ್ಯರಿಗೂ ಕೂಡಲೇ ತಿಳಿಸುವುದು ಧರ್ಮ.

ಹಾಗಾದರೆ ಶುದ್ಧಿಯ ದಾರಿ ಯಾವುದು? ಆಲೋಚನೆ, ಪ್ರತಿಕ್ರಮಣ, ತದುಭಯ, ವಿವೇಕ, ವ್ಯುತ್ಸರ್ಗ, ತಪ, ಛೇದ, ಪರಿಹಾರ, ಉಪಸ್ಥಾಪನೆ ಎಂದು ಪ್ರಾಯಶ್ಚಿತ್ತವು 9 ವಿಧ. ತಪಸ್ಸು ಬರುವುದು ಆರನೆಯದಾಗಿ, ಆಲೋಚನೆ ಮೊದಲನೆಯದು. ಆಲೋಚನೆಯೆಂದರೆ ಗುರುವಿನ ಮುಂದೆ ದೋಷವನ್ನು ಇದ್ದುದಿದ್ದಂತೆ ನಿವೇದಿಸುವುದು. ಇದನ್ನು ಹಾರಿ ನೇರವಾಗಿ ಉಪವಾಸಕ್ಕೆ ಹೋಗುವವರೇ ನಮ್ಮಲ್ಲಿ ಹೆಚ್ಚು. ಹೇಳುವುದು ಕಷ್ಟ, ಹಸಿಯುವುದು ಸುಲಭ. ಬಚ್ಚಿಟ್ಟ ದೋಷವು ಮಾಯಾಶಲ್ಯವಾಗಿ ಒಳಗೇ ಉಳಿಯುತ್ತದೆ, ಶಲ್ಯವಿಲ್ಲದವನೇ ವ್ರತಿಯೆಂದು ಸೂತ್ರವೇ ಹೇಳುತ್ತಿರುವಾಗ ಶಲ್ಯವನ್ನಿಟ್ಟುಕೊಂಡು ಹಿಡಿದ ನೋಂಪಿಯು ನೋಂಪಿಯಾಗುವುದು ಹೇಗೆ? ದೋಷವನ್ನು ಸಣ್ಣದಾಗಿ ಮಾಡಿ ಹೇಳುವುದು, ಗದ್ದಲದ ನಡುವೆ ಯಾರಿಗೂ ಕೇಳಿಸದಂತೆ ಹೇಳುವುದು, ಒಬ್ಬರಿಗೆ ಹೇಳಿ ಸಾಲದೆ ಹಲವರನ್ನು ಕೇಳುತ್ತ ಹೋಗುವುದು: ಇವೆಲ್ಲವೂ ಆಲೋಚನೆಯ 10 ದೋಷಗಳಲ್ಲಿ ಸೇರಿವೆ. ಕೊನೆಯದನ್ನು ವಿಶೇಷವಾಗಿ ನೆನಪಿಡಬೇಕು. ಕಂಡವರ ಮುಂದೆಲ್ಲ ಅದೇ ಕಥೆಯನ್ನು ಹೇಳಿ ಅಳುವುದು ಆಲೋಚನೆಯಲ್ಲ.

ಪ್ರಾಯಶ್ಚಿತ್ತಕ್ಕೆ ಅಳತೆಯುಂಟು. ಇದು ನಮ್ಮ ಆಚಾರ್ಯರ ಬಹು ದೊಡ್ಡ ಕರುಣೆ. ಮೂಲಾಚಾರದಲ್ಲಿ ದೈವಸಿಕ ಪ್ರತಿಕ್ರಮಣದ ಕಾಯೋತ್ಸರ್ಗಕ್ಕೆ 108 ಉಚ್ಛ್ವಾಸಗಳು, ರಾತ್ರಿಕಕ್ಕೆ 54, ಪಾಕ್ಷಿಕಕ್ಕೆ 300, ಚಾತುರ್ಮಾಸಿಕಕ್ಕೆ 400, ಸಾಂವತ್ಸರಿಕಕ್ಕೆ 500 ಎಂದು ಎಣಿಸಿ ಹೇಳಿದೆ. ವರ್ಷದ ದೋಷಕ್ಕೂ 500 ಉಸಿರುಗಳಲ್ಲಿ ಒಂದು ಕೊನೆಯಿದೆ. ಗುರುಗಳು ಎಂಟು ಉಪವಾಸಗಳನ್ನು ಕೊಟ್ಟರೆ ಎಂಟನೆಯ ಪಾರಣೆಯಂದು ಅದು ಮುಗಿಯಿತು. ತೀರಿಸಿದ ಸಾಲವನ್ನು ಪುನಃ ಪುನಃ ತೀರಿಸಲು ಹೋಗುವವನಿಗೆ ಲೆಕ್ಕ ಬರುವುದಿಲ್ಲವೆನ್ನಬೇಕೇ ಹೊರತು ಪ್ರಾಮಾಣಿಕನೆನ್ನಲಾಗದು. ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಪ್ರತಿಕ್ರಮಣ, ನಿಂದೆ, ಗರ್ಹೆಗಳನ್ನೂ ವಿಷಕುಂಭವೆಂದು ಕರೆದಿರುವುದು ಶುದ್ಧೋಪಯೋಗದ ಉನ್ನತ ಭೂಮಿಕೆಯನ್ನು ಕುರಿತು. ಗೃಹಸ್ಥನು ಅದನ್ನು ನೆಪಮಾಡಿಕೊಂಡು ಪ್ರತಿಕ್ರಮಣವನ್ನೇ ಬಿಡಲಾಗದು. ಆದರೆ ಆತ್ಮನಿಂದೆಯೇ ಗುರಿಯಲ್ಲವೆಂಬುದನ್ನು ಅವನೂ ಅದರಿಂದ ತಿಳಿಯಬಹುದು.

ಮನೆಯವರ ಕರ್ತವ್ಯವೂ ಇದರಲ್ಲಿ ಕಡಿಮೆಯಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ ಎಂಬ ಮೂರು ಅಂಗಗಳಿವೆಯಲ್ಲವೇ? ಅವು ಬಸದಿಯಲ್ಲಿ ಹೇಳಿ ಬರುವುದಕ್ಕೆ ಮಾತ್ರ ಇರುವುವಲ್ಲ. ಊರುಬಿಟ್ಟು ಹೋದವನು ಬಾಗಿಲಿಗೆ ಬಂದಾಗ ನಡೆದುದನ್ನು ಮತ್ತೊಮ್ಮೆ ಹೇಳಿಸಬೇಡಿ. ನೆರೆಯವರು ವಿಚಾರಿಸಲು ಬಂದರೆ ಬಾಗಿಲಲ್ಲಿಯೇ ಮಾತನಾಡಿಸಿ ಕಳುಹಿಸಿ. ಅವನಿಗೆ ಕೈತುಂಬ ಕೆಲಸ ಕೊಡಿ. ಎಚ್ಚರವನ್ನು ಬೇಡುವ ಸಣ್ಣ ಕೆಲಸವಾದರೆ ಉತ್ತಮ. ಅಷ್ಟದ್ರವ್ಯಕ್ಕೆ ಅಕ್ಷತೆಯನ್ನು ಆರಿಸುವುದು, ಅಭಿಷೇಕದ ಪಾತ್ರೆಗಳನ್ನು ಬೆಳಗುವುದು, ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೋವಾಗದಂತೆ ಬಂದ ಬಾವಿಗೇ ಮರಳಿಸುವುದು. ಪ್ರಮಾದದಿಂದ ಆದ ಗಾಯಕ್ಕೆ ಅಪ್ರಮಾದದ ಅಭ್ಯಾಸಕ್ಕಿಂತ ಬೇರೆ ಮದ್ದಿಲ್ಲ. ಜರತ್ಕುಮಾರನಿಗೆ ದೊರೆತ ಕೆಲಸವು ದೊಡ್ಡದು, ಒಂದು ವಂಶವನ್ನೇ ಉಳಿಸುವುದು. ಅವನು ಕಲಿಂಗರಾಜನ ಮಗಳನ್ನು ವಿವಾಹವಾಗಿ, ಪ್ರಜೆಗಳನ್ನು ಪಾಲಿಸಿ, ವಸುಧ್ವಜನೆಂಬ ಮಗನಿಗೆ ರಾಜ್ಯವನ್ನು ಕೊಟ್ಟು ತಪಸ್ಸಿಗೆ ಹೋದನೆಂದೂ, ಆ ಪರಂಪರೆಯಲ್ಲಿಯೇ ಮುಂದೆ ಜಿತಶತ್ರುವೆಂಬ ರಾಜನು ಹುಟ್ಟಿ ಮಹಾವೀರಸ್ವಾಮಿಯ ತಂದೆಯಾದ ಸಿದ್ಧಾರ್ಥಮಹಾರಾಜನ ತಂಗಿಯನ್ನು ವರಿಸಿದನೆಂದೂ ಜಿನಸೇನಾಚಾರ್ಯರು ಬರೆದಿದ್ದಾರೆ.

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದ ನಂತರ ಕ್ಷಮಾವಣಿಯು ಬರುತ್ತದೆ. ಅಂದು ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಸಮಸ್ತ ಜೀವಗಳನ್ನೂ ಕ್ಷಮಿಸಿದೆನೆಂದು ನಾವು ಹೇಳುತ್ತೇವೆ. ಸಮಸ್ತ ಜೀವಗಳೆಂದಾಗ ಹೇಳುವವನ ಜೀವವು ಹೊರಗುಳಿಯಿತೇ? ಅದೂ ಸಂಜ್ಞಿ ಪಂಚೇಂದ್ರಿಯ ಜೀವವೇ, ಅನಾದಿಯಿಂದ ಮೋಹದಲ್ಲಿ ಎಡವುತ್ತ ಬಂದುದೇ. ಹಗೆಯವನಿಗೆ ಕೈಮುಗಿಯಬಲ್ಲವನು ತನ್ನನ್ನು ಮಾತ್ರ ಆ ಎಣಿಕೆಯಿಂದ ತೆಗೆದುಹಾಕುವುದು ನ್ಯಾಯವಲ್ಲ. ಅದು ವಿನಯದಂತೆ ಕಂಡರೂ ಒಳಗೆ ಒಂದು ಬಗೆಯ ಮಾನಕಷಾಯವೇ ಆಗಿದೆ.

ಈಗ ಪ್ರೋಷಧದ ಕ್ರಮವನ್ನು ಹೇಳಿ ಮುಗಿಸುತ್ತೇನೆ. ಇಂತಹ ದುಃಖದಲ್ಲಿರುವವರು ಮೊದಲ ತಿಂಗಳುಗಳಲ್ಲಿ ದೊಡ್ಡ ವ್ರತವನ್ನು ಹಿಡಿಯಬಾರದು. ಗುರುಗಳನ್ನೋ ತಿಳಿದವರನ್ನೋ ಕೇಳಿ, ದೇಹಸ್ಥಿತಿಯನ್ನು ನೋಡಿ, ಅಷ್ಟಮಿ ಚತುರ್ದಶಿಗಳ ಪ್ರೋಷಧವನ್ನು ಮಾತ್ರ ಇಟ್ಟುಕೊಳ್ಳಲಿ; ಅಶಕ್ತರಿಗೆ ಏಕಭುಕ್ತವೇ ಸಾಕು. ಹಿಂದಿನ ದಿನ ಒಂದು ಊಟ, ಪರ್ವದಂದು ಉಪವಾಸ, ಮರುದಿನ ಒಂದು ಊಟ, ಹೀಗೆ 16 ಪ್ರಹರ. ಉಪವಾಸದ ಹಗಲನ್ನು ಕತ್ತಲ ಕೋಣೆಯಲ್ಲಿ ಕಳೆಯದೆ ಬಸದಿಯಲ್ಲಿ ಸ್ವಾಧ್ಯಾಯದಲ್ಲಿ ಕಳೆಯಲಿ. ಜೊತೆಗೆ ಮನೆಯ ಇನ್ನೊಬ್ಬರು ಇರಲಿ. ಮರುದಿನ ಪೂಜೆ ಮುಗಿಸಿ ಬಂದ ಮೇಲೆ ಪಾರಣೆಯ ಎಲೆಯನ್ನು ಅವರಿಗೆ ಬೇರೆಯಾಗಿ ಹಾಕಬೇಡಿ. ಎಲ್ಲರ ಸಾಲಿನಲ್ಲಿಯೇ ಕೂರಿಸಿ, ಅವರಿಗೆ ಮೊದಲು ಬಡಿಸಿ.